ಕೋಟೆ ಕಾವಲುಗಾರನ ನಗು

ಹಳೆಯ ವಿಡಿಯೋ ಗೇಮೊಂದರಲ್ಲಿ ಉಕ್ಕಿನ ಯಂತ್ರಯೋಧನೊಬ್ಬನಿದ್ದ. ಆ ಆಟದಲ್ಲಿ ಅವನಿಗೆ ತನ್ನ ಮೈ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ತನ್ನ ಬಂದೂಕಿನ ತುದಿ, ಅದರಾಚೆಗಿನ ಎದುರಾಳಿ, ಅಷ್ಟೆ. ಕೋಟೆಬಾಗಿಲಲ್ಲಿ ಅವನಿಗಿಂತ ಭಾರಿ ಯಂತ್ರವೊಂದು ಕಾವಲಿಗೆ ನಿಂತಿತ್ತು. ಯೋಧ ಪ್ರತಿಸಲವೂ ಅಲ್ಲೇ ಸಾಯುತ್ತಿದ್ದ. ಆಟವಾಡುವ ಚಂಪಕ ಹಲ್ಲು ಕಚ್ಚಿ ಬಟನ್ ಒತ್ತಿದೊಡನೆ ಯೋಧ ಮತ್ತೆ ಎದ್ದು ಬರುತ್ತಿದ್ದ.

“ಮತ್ತೆ ಬಂದೆಯಾ? ಮಾನ ಮರ್ಯಾದೆ ಇಲ್ಲವೇ ನಿನಗೆ?” ಎಂದ ಕಾವಲುಗಾರ.

“ಮಾನದ ಮಾತು ಆಮೇಲೆ. ಮೊದಲು ದಾರಿ ಬಿಡಣ್ಣ,” ಎಂದ ಯೋಧ.

ಕಾವಲುಗಾರ ಒಂದು ಗುಂಡು ಹಾರಿಸಿದ. ಯೋಧ ಬಲಕ್ಕೆ ಸರಿದ. ಇನ್ನೊಂದು ಹಾರಿಸಿದ, ಯೋಧ ಎಡಕ್ಕೆ ಸರಿದ. ಆಗ ಕಾವಲುಗಾರ ಗೆದ್ದೇಬಿಟ್ಟೆನೆಂದು ಎಂದಿನಂತೆ ಎದೆಯ ಕವಚ ತೆರೆದು ಗಹಗಹಿಸಿ ನಕ್ಕ. ಯೋಧ ಆ ತೆರೆದ ಎದೆಗೇ ಹೊಡೆದ.

ಕುಸಿಯುತ್ತಾ ಕಾವಲುಗಾರ ಕೇಳಿದ: “ಯಾವ ಹೊಸ ಆಯುಧ ತಂದೆ?”

“ಹೊಸದೇನೂ ಇಲ್ಲ. ನನಗೆ ನೋಡಲು ಇದ್ದವನು ನೀನೊಬ್ಬನೇ, ನೋಡಿದೆ. ನಾನು ಸತ್ತಾಗಲೆಲ್ಲ ಕಲಿತೆ, ನೀನು ಗೆದ್ದಾಗಲೆಲ್ಲ ನಕ್ಕೆ.”

ಯೋಧ ಬಾಗಿಲು ದಾಟಿದ. ಆಚೆ ಇನ್ನೊಂದು ಬಾಗಿಲು. ಅಲ್ಲಿ ಇನ್ನೂ ದೊಡ್ಡ ಕಾವಲುಗಾರ. ಯೋಧ ಬಂದೂಕು ಎತ್ತಿ ಕೇಳಿದ:

“ಅಣ್ಣಾ, ನೀನು ನಗುವುದು ಯಾವಾಗ?”