ಹುಸೇನ್‌ಬೀಯ ಬಿಸಿಲುಕೋಲು

ಹೊಳೆಯ ದಂಡೆಯಲ್ಲಿ ಮುಚ್ಚಿಹೋದ ಅಕ್ಕಿ ಗಿರಣಿಯೊಂದಿತ್ತು. ಅದರೊಳಗೆ ಇಬ್ಬರು ಫೋಟೋ ತೆಗೆಯುವುದನ್ನು ಕಲಿಸುತ್ತಿದ್ದರು.

ಪಾಲಯ್ಯ ಮೇಷ್ಟ್ರು ಮೂವತ್ತು ವರ್ಷ ಸ್ಟುಡಿಯೋ ನಡೆಸಿದವರು. ಸುಗುಣಾ ಟೀಚರ್ ಪತ್ರಿಕೆಯೊಂದರಲ್ಲಿ ಫೋಟೋಗ್ರಾಫರ್ ಆಗಿದ್ದವರು. ಮಾಲೀಕ ತೋರಿಸಿದ ಮುಖಗಳನ್ನಷ್ಟೇ ತೆಗೆಯುತ್ತ ಇರಲಾರೆ ಎಂದು ಆ ಕೆಲಸ ಬಿಟ್ಟು ಬಂದವರು. ಶಾಲೆಗೆ ಬೋರ್ಡಿರಲಿಲ್ಲ, ಸರ್ಕಾರದ ಮಾನ್ಯತೆ ಇರಲಿಲ್ಲ. ಮಾನ್ಯತೆ ಇರುವ ಶಾಲೆಗಳು ಬಡವರ ಮಕ್ಕಳನ್ನು ಗೇಟಿನಲ್ಲೇ ನಿಲ್ಲಿಸುತ್ತವೆ. ಇಲ್ಲಿ ಗೇಟೇ ಇರಲಿಲ್ಲ.

ನಿಯಮ ಒಂದಿತ್ತು. ಯಾರ ಫೋಟೋ ತೆಗೆದರೂ ಮೊದಲ ಪ್ರತಿಯನ್ನು ಅವರಿಗೇ ಒಯ್ದು ತೋರಿಸಬೇಕು. ಅವರು ಆಡಿದ ಮಾತನ್ನು ಫೋಟೋದ ಹಿಂಬದಿಯಲ್ಲಿ ಬರೆದು ತರಬೇಕು. ಗುರುಗಳು ಮೊದಲು ಹಿಂಬದಿ ಓದುತ್ತಿದ್ದರು. ಆಮೇಲೆ ತಿರುಗಿಸಿ ಫೋಟೋ ನೋಡುತ್ತಿದ್ದರು.

ಒಂದು ಶುಕ್ರವಾರ ತಿಪ್ಪೇಶ ಓಡುತ್ತ ಬಂದ. ಎರಡು ವರ್ಷದಿಂದ ಅಲ್ಲಿ ಕಲಿಯುತ್ತಿದ್ದ ಹುಡುಗ.

"ಮೇಷ್ಟ್ರೆ, ರಾಜಧಾನಿಯ ಪ್ರದರ್ಶನಕ್ಕೆ ನನ್ನ ಫೋಟೋ ಆರಿಸಿದಾರೆ! ಸೋಮವಾರದೊಳಗೆ ಒಪ್ಪಿಗೆ ಕಳಿಸಬೇಕು. ಪ್ರದರ್ಶನ ಮುಗಿಯೋವರೆಗೆ ಬೇರೆ ಎಲ್ಲೂ ಜನರಿಗೆ ತೋರಿಸಬಾರದು, ಅಷ್ಟೇ ಷರತ್ತು."

ಪಾಲಯ್ಯ ಫೋಟೋ ಇಸಿದುಕೊಂಡು ಹಿಂಬದಿ ಓದಿದರು. 'ಚೆನ್ನಾಗಿದೆ' ಎಂದು ಬರೆದಿತ್ತು.

"ಯಾರ ಫೋಟೋ?"

"ಬೀಡಿ ಓಣಿಯ ಹುಸೇನ್‌ಬೀ ಅವರದು."

"ನನ್ನ ಸ್ಟುಡಿಯೋದಲ್ಲಿ ಮಗಳ ಫೋಟೋ ಕಪ್ಪಗೆ ಬಂತು ಅಂತ ಅರ್ಧ ಗಂಟೆ ಬೈದಾಕಿ. ನಿನ್ನ ಹತ್ರ ಒಂದೇ ಮಾತಿಗೆ ಬಿಟ್ಟಳಾ?"

ತಿಪ್ಪೇಶ ನೆಲ ನೋಡಿದ.

"ಈ ಮಾತು ಯಾರದು?"

"ನಂದೇ ಮೇಷ್ಟ್ರೆ. ಅವರಿಗೆ ತೋರಿಸಿಲ್ಲ."

ಮೇಷ್ಟ್ರು ಫೋಟೋವನ್ನು ತಿರುಗಿಸದೆ ವಾಪಸ್ ಕೊಟ್ಟರು.

"ಒಂದ್ಸಲ ನೋಡಿ ಮೇಷ್ಟ್ರೆ. ಬೆಳಕು ಹೆಂಗೆ ಬಿದ್ದೈತೆ!"

"ಬೆಳಕು ಎಲ್ಲಾ ಕಡೆ ಬೀಳತ್ತೆ. ಅಲ್ಲೇ ಯಾಕೆ ಅಷ್ಟು ಕಾಣಿಸ್ತು ಅಂತ ಅವಳನ್ನೇ ಕೇಳ್ಕೊಂಡು ಬಾ."

"ಅವರು ಬೇಡ ಅಂದುಬಿಟ್ಟರೆ?"

ಸುಗುಣಾ ಟೀಚರ್ ಒಳಗಿನಿಂದಲೇ ಹೇಳಿದರು. "ಅವಳ ಸ್ವಂತದ್ದು ಅಂತ ಇರೋದು ಅದೊಂದು ಮುಖ. ಅದಕ್ಕೂ ಬೇಡ ಅನ್ನೋ ಹಕ್ಕಿಲ್ವೇನೋ?"

ತಿಪ್ಪೇಶ ಬೀಡಿ ಓಣಿಗೆ ಹೋದ. ಹುಸೇನ್‌ಬೀ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುತ್ತಿದ್ದಳು.

"ಬಾರಪ್ಪ ಫೋಟೋ ಸಾಹೇಬ. ಕ್ಲಿಕ್ ಅನಿಸಿ ಹೋದೋನು, ಇವತ್ತು ದಾರಿ ತಪ್ಪಿ ಬಂದ್ಯಾ?"

ಅವಳು ಕೈ ಒರೆಸಿಕೊಂಡು ಫೋಟೋ ಹಿಡಿದಳು. ದೂರ ಹಿಡಿದಳು, ಹತ್ತಿರ ತಂದಳು. ಫೋಟೋದಲ್ಲಿ ಒಡೆದ ಹೆಂಚಿನಿಂದ ಬಿಸಿಲುಕೋಲೊಂದು ಇಳಿದಿತ್ತು. ಅದರ ತುಂಬ ಹೊಳೆಯುವ ಕಣಗಳು. ನಡುವೆ ಹುಸೇನ್‌ಬೀ ಬಾಗಿ ಕೆಮ್ಮುತ್ತಿದ್ದಳು. ಕೆಮ್ಮುವಾಗಲೂ ಕೈ ಬೀಡಿ ಎಲೆಯನ್ನು ಬಿಟ್ಟಿರಲಿಲ್ಲ.

"ಬೆಳಕು ನೋಡಿ ಅಮ್ಮ. ಚಿನ್ನದ ಪುಡಿ ಚೆಲ್ಲಿದಂಗೆ ಐತೆ. ಪ್ರದರ್ಶನದೋರು ಇದಕ್ಕೆ 'ಹೊಂಬೆಳಕಿನ ತಾಯಿ' ಅಂತ ಹೆಸರಿಟ್ಟಿದಾರೆ."

"ಯಾರ ತಾಯಿ? ಅವರ ತಾಯೀನಾ?" ಅವಳು ನಕ್ಕಳು. ನಗು ಅರ್ಧಕ್ಕೆ ಕೆಮ್ಮಾಯಿತು. ಸುಧಾರಿಸಿಕೊಂಡು ಹೇಳಿದಳು. "ಚಿನ್ನ ಅಲ್ಲಲೇ ಅದು. ತಂಬಾಕಿನ ಧೂಳು. ದಿನಾ ನನ್ನ ಎದೆಗೆ ಇಳಿಯೋದು ಅದೇ."

ತಿಪ್ಪೇಶ ಬಾಗಿ ಫೋಟೋವನ್ನು ಮತ್ತೆ ನೋಡಿದ.

"ಪುಕ್ಕಟೆ ಔಷಧಿ ಸಿಗೋ ಆಸ್ಪತ್ರೆ ಚೀಟಿಗೆ ಅಂತ ಮೂರು ಸಲ ಕಾರ್ಮಿಕರ ಕಚೇರಿಗೆ ಹೋದೆ. ಕುರ್ಚಿ ಮೇಲೆ ಕೂತೋನು ಏನಂದ ಗೊತ್ತಾ? 'ಮನೇಲಿ ಕೂತು ಮಾಡೋ ಕೆಲಸದಾಗೆ ಎಲ್ಲಿಂದ ಬರ್ತದೆ ಧೂಳು? ಸಾಕ್ಷಿ ತಗೊಂಡು ಬಾ' ಅಂದ." ಅವಳು ಬಿಸಿಲುಕೋಲಿನ ಮೇಲೆ ಬೆರಳಿಟ್ಟಳು. "ಇಲ್ಲೈತಲ್ಲ ಸಾಕ್ಷಿ. ಇದನ್ನ ಆಳೆತ್ತರ ಮಾಡಿ ಆ ಕಚೇರಿ ಗೋಡೆಗೆ ಹಚ್ಚಪ್ಪ. ಸೋಮವಾರ ಓಣಿ ಹೆಂಗಸರೆಲ್ಲ ಅಲ್ಲಿ ಹೋಗಿ ಕೂರ್ತೀವಿ."

"ಹಚ್ಚಿದ್ರೆ ಪ್ರದರ್ಶನದೋರು ತಗೊಳಲ್ಲ ಅಮ್ಮ."

"ಅಲ್ಲಿ ನೋಡೋರು ಯಾರು?"

"ದೊಡ್ಡವರು. ಕಲೆ ಬಲ್ಲೋರು."

"ಅವರಲ್ಲಿ ಯಾರಾದ್ರೂ ಆಸ್ಪತ್ರೆ ಚೀಟಿಗೆ ಸಹಿ ಹಾಕ್ತಾರಾ?"

"ಇಲ್ಲ."

"ಮತ್ತೆ?"

ಅವಳು ಫೋಟೋವನ್ನು ಅವನ ಕೈಗಿಟ್ಟಳು. "ಬೇಡ ಅಂತ ನಾ ಹೇಳಲ್ಲ. ತೆಗೆದೋನು ನೀನು. ಎಲ್ಲಿಗಾದ್ರೂ ಕಳಿಸ್ಕೋ. ನಾ ಹೇಳಿದ್ದನ್ನ ಮಾತ್ರ ಒಂದು ಅಕ್ಷರ ಬಿಡದೆ ಬರ್ಕೋ."

ಬರೆದ. ಹಿಂಬದಿ ಸಾಲಲಿಲ್ಲ. ಕೊನೆಯ ಸಾಲುಗಳನ್ನು ಅಂಚಿನಲ್ಲಿ ಅಡ್ಡಡ್ಡ ಬರೆದ.

ಪಾಲಯ್ಯ ಮೇಷ್ಟ್ರು ಅದನ್ನೆಲ್ಲ ನಿಧಾನವಾಗಿ ಓದಿದರು. ತಿರುಗಿಸಿ ಫೋಟೋವನ್ನೂ ಅಷ್ಟೇ ಹೊತ್ತು ನೋಡಿದರು.

"ಒಳ್ಳೇ ಫೋಟೋ."

ಎರಡು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ಮೆಚ್ಚುಗೆ ಅದು.

"ಈಗ ನೀವೇ ಹೇಳಿ ಮೇಷ್ಟ್ರೆ. ಎಲ್ಲಿಗೆ ಕೊಡಲಿ?"

"ಫೋಟೋ ತೊಳೆಯೋದು ನಾನು ಹೇಳಿಕೊಟ್ಟೆ. ಇದನ್ನ ಹೇಳಿಕೊಡೋಕೆ ಆಗಲ್ಲ."

ತಿಪ್ಪೇಶನ ದನಿ ಏರಿತು. "ನಮ್ಮಪ್ಪ ಹಮಾಲಿ ಮೇಷ್ಟ್ರೆ. ಅವರಪ್ಪನೂ ಹಮಾಲಿ. ಬೆನ್ನು ಬಿಟ್ಟರೆ ನಮ್ಮ ಮನೆಯೋರದು ಏನನ್ನೂ ಯಾರೂ ನೋಡಿಲ್ಲ. ನನ್ನ ಹೆಸರೊಂದು ಗೋಡೆ ಮೇಲೆ ಬಂದರೆ ತಪ್ಪಾ?"

"ತಪ್ಪಲ್ಲ," ಎಂದರು ಸುಗುಣಾ ಟೀಚರ್. "ಬರಬೇಕು. ಇಷ್ಟು ಹೊತ್ತಿಗೆ ಬರಬೇಕಿತ್ತು."

ಅದರ ಮೇಲೆ ಇಬ್ಬರೂ ಒಂದು ಮಾತೂ ಆಡಲಿಲ್ಲ. ಇದು ಸರಿ, ಅದು ತಪ್ಪು ಎಂದು ಹೇಳಿಬಿಟ್ಟಿದ್ದರೆ ಹುಡುಗನಿಗೆ ಸುಲಭವಾಗುತ್ತಿತ್ತು.

ಶನಿವಾರವಿಡೀ ತಿಪ್ಪೇಶ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ. ಒಪ್ಪಿಗೆ ಪತ್ರ ಬರೆದ. ಓದಿದ. ಮಡಿಚಿ ಜೇಬಿನಲ್ಲಿಟ್ಟುಕೊಂಡ. ಮತ್ತೆ ತೆಗೆದು ಓದಿದ.

ಭಾನುವಾರ ಬೆಳಿಗ್ಗೆ ಕತ್ತಲೆ ಕೋಣೆಗೆ ಹೋಗಿ ದೊಡ್ಡ ಹಾಳೆಗಳನ್ನು ಹೊರತೆಗೆದ. ಸುಗುಣಾ ಟೀಚರ್ ಒಲೆ ಹಚ್ಚಿ ಮೈದಾ ಅಂಟು ಕುದಿಸತೊಡಗಿದರು. ಗಿರಣಿಯ ನೆಲದ ಮೇಲೆ ಎಂಟು ಹಾಳೆ ಜೋಡಿಸಿದಾಗ ಹುಸೇನ್‌ಬೀ ಆಳೆತ್ತರವಾದಳು. ಒಂದೊಂದು ಧೂಳಿನ ಕಣವೂ ಜೋಳದ ಕಾಳಿನಷ್ಟಾಯಿತು.

ಸೋಮವಾರ ಕಚೇರಿಯ ಬಾಗಿಲು ತೆರೆಯುವ ಮೊದಲೇ ಮೂವರೂ ಹಾಳೆಗಳನ್ನು ಗೋಡೆಗೆ ಹಚ್ಚಿ ಮುಗಿಸಿದ್ದರು. ಹೆಂಗಸರು ಆಗಲೇ ಬಂದು ಕೂತಿದ್ದರು. ಹುಸೇನ್‌ಬೀ ಗೋಡೆಯ ಮೇಲಿನ ತನ್ನನ್ನು ನೋಡಿ, "ನಾ ಇಷ್ಟು ದಪ್ಪ ಇಲ್ಲ ಬಿಡು," ಎಂದಳು. ಎಲ್ಲರೂ ನಕ್ಕರು.

ಫೋಟೋದ ಕೆಳಗೆ ಬಿಳಿಯ ಅಂಚು ಉಳಿದಿತ್ತು. ತಿಪ್ಪೇಶ ಕುಂಚವನ್ನು ಕಪ್ಪು ಬಣ್ಣದಲ್ಲಿ ಅದ್ದಿದ. ಅಂಚಿನ ಹತ್ತಿರ ಒಯ್ದ. ಕೈ ನಿಂತಿತು.

"ಇಲ್ಲಿ ಒಂದು ಹೆಸರು ಬರೆಯೋಷ್ಟು ಜಾಗ ಐತೆ ಮೇಷ್ಟ್ರೆ. ಯಾರದು ಬರೀಲಿ?"

ಮೇಷ್ಟ್ರು ಏಳುತ್ತಿದ್ದ ಹಾಳೆಯ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಕೇಳಿದರು:

"ಕೆಮ್ಮಿದ್ದು ಯಾರು?"