ಬಂಡೆಗೆ ಪಾಠ ಹೇಳಿದ ಮೇಷ್ಟ್ರು

ಕುರುಚಲು ಕಾಡಿನ ನಡುವೆ ಕರಿಬಂಡೆಗಳ ಗುಡ್ಡವೊಂದಿತ್ತು. ಆ ಗುಡ್ಡದ ಹೊಟ್ಟೆಯಲ್ಲಿ ಒಂದು ಗವಿ. ಆ ಗವಿಯೇ ಸುತ್ತಲಿನ ಮರಿಗಳಿಗೆಲ್ಲ ಶಾಲೆ. ನಗಬೇಡಿ ಮಕ್ಕಳೇ, ನಿಮಗೆ ಶಾಲೆ ಬೇಕು, ಮೊಲದ ಮರಿಗೆ ಬೇಡವೇ?

ಗವಿಗೆ ಒಂದು ಗುಣವಿತ್ತು. ಒಳಗೆ ನಿಂತು ಏನು ಹೇಳಿದರೂ ಅದನ್ನೇ ತಿರುಗಿ ಹೇಳುತ್ತಿತ್ತು. "ಓ" ಎಂದರೆ "ಓ". ಸೀನಿದರೆ ಸೀನು. ಹೊರಗೆ ಮಟಮಟ ಮಧ್ಯಾಹ್ನವಿದ್ದರೂ ಒಳಗೆ ಮಬ್ಬುಗತ್ತಲು, ತಣ್ಣಗಿನ ಗಾಳಿ, ಎಲ್ಲೋ ತೊಟ್ಟಿಕ್ಕುವ ನೀರು. ಹೊಸದಾಗಿ ಬಂದ ಮರಿಗಳು ಮೊದಲ ವಾರ ಅಮ್ಮನ ಬಾಲ ಬಿಡುತ್ತಿರಲಿಲ್ಲ.

ಅಲ್ಲಿ ಪಾಠ ಹೇಳುತ್ತಿದ್ದವರು ಮುಳ್ಳುಹಂದಿ ಕಂಟೆಪ್ಪ ಮೇಷ್ಟ್ರು. ಅವರ ಕಣ್ಣು ಮಂಜು. ಬೆಳಕಿಗೆ ಬಂದರಂತೂ ನೀರು ಸುರಿಯುತ್ತಿತ್ತು. ಅದಕ್ಕೇ ಗವಿಯಲ್ಲಿ ಶಾಲೆ. ಮೇಷ್ಟ್ರು ಕೆಟ್ಟವರೇನಲ್ಲ. ಮರಿಗಳೆಂದರೆ ಪ್ರಾಣ. ಆದರೆ ಅವರಲ್ಲಿ ಒಂದು ಐಬು ಇತ್ತು. "ನನಗೆ ಗೊತ್ತಿಲ್ಲ" ಎನ್ನುವ ಮಾತು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಗೊತ್ತಿಲ್ಲದ್ದನ್ನು ಯಾರಾದರೂ ಕೇಳಿದರೆ ಸಾಕು, ಬೆನ್ನ ಮೇಲಿನ ಮುಳ್ಳೆಲ್ಲ ಝಲ್ಲೆಂದು ಎದ್ದು ನಿಲ್ಲುತ್ತಿದ್ದವು. ಹಾಗಾಗಿ ಪಾಠವೆಂದರೆ ಒಂದೇ ಬಗೆ. ಮೇಷ್ಟ್ರು ಹೇಳಬೇಕು, ಮರಿಗಳು ಅದನ್ನೇ ಒಟ್ಟಿಗೆ ತಿರುಗಿ ಹೇಳಬೇಕು.

"ಗಾಳಿ ಬೀಸಿದರೆ ಮೂಗೆತ್ತು!"

"ಗಾಳಿ ಬೀಸಿದರೆ ಮೂಗೆತ್ತು!"

"ಕೊಳೆತ ನಾತ ಬಂದರೆ ಕಿರುಬ ಬಂತು!"

"ಕೊಳೆತ ನಾತ ಬಂದರೆ ಕಿರುಬ ಬಂತು!"

ಎಲ್ಲ ಮರಿಗಳಿಗಿಂತ ಮೊದಲು ಓಡಿ ಬರುತ್ತಿದ್ದವಳು ಕೆಂಚಿ, ಮುಂಗುಸಿಯ ಮರಿ. ಬಾಯಲ್ಲಿನ ತುತ್ತು ಬಾಯಲ್ಲೇ ಇರುತ್ತಿತ್ತು, ಕಾಲು ಗವಿಯ ಕಡೆ. ಗವಿಯ ಒಳಮೂಲೆಯಲ್ಲಿ ಒಂದು ಚಪ್ಪಟೆ ಕಲ್ಲು ಅವಳ ಜಾಗ. ಒಂದು ದಿನ ಮೇಷ್ಟ್ರು "ಹಾವಿಗೆ ಕಿವಿಯಿಲ್ಲ" ಎಂದು ಹೇಳಿಕೊಟ್ಟರು. ಎಲ್ಲರೂ ಹೇಳಿದರು. ಕೆಂಚಿ ಮಾತ್ರ ಎದ್ದು ನಿಂತಳು.

"ಮೇಷ್ಟ್ರೇ, ಹಾಗಾದ್ರೆ ಹಾವಿನ ಮರೀನ ಅವರಮ್ಮ ಊಟಕ್ಕೆ ಕರೆದ್ರೆ ಅದಕ್ಕೆ ಹೇಗೆ ಗೊತ್ತಾಗುತ್ತೆ?"

ಮರಿಗಳು ಕಿಸಕ್ಕೆಂದು ನಕ್ಕವು. ಎಂಥ ಚೆಂದದ ಪ್ರಶ್ನೆ ನೋಡಿ! ನನಗೂ ಗೊತ್ತಿಲ್ಲ. ಮೇಷ್ಟ್ರಿಗೂ ಗೊತ್ತಿರಲಿಲ್ಲ. ಮುಳ್ಳುಗಳು ಝಲ್ಲೆಂದವು.

"ಹೇಳಿದ್ದು ಹೇಳು. ಹೇಳದ್ದು ಕೇಳಬೇಡ! ಗೋಡೆಗೆ ಮುಖ ಮಾಡಿ ನಿಲ್ಲು!"

ಕೆಂಚಿ ಗೋಡೆಗೆ ಮುಖ ಮಾಡಿ ನಿಂತಳು. ಮರುದಿನ ಮತ್ತೊಂದು ಪ್ರಶ್ನೆ, ಮತ್ತೆ ಗೋಡೆ. ಮೂರನೆಯ ದಿನ ಅವಳು ಏನೂ ಕೇಳಲಿಲ್ಲ. ಆಮೇಲೆ ಅವಳಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು ಬರತೊಡಗಿತು. ಆ ಹೊಟ್ಟೆನೋವು ಯಾವುದೆಂದು ನಿಮಗೇನು ನಾನು ಬಿಡಿಸಿ ಹೇಳಬೇಕಿಲ್ಲ. ಒಂದು ದಿನ ಅವಳ ಕಲ್ಲು ಖಾಲಿಯಾಯಿತು. ಅವಳ ಹಿಂದೆ ಮೊಲದ ಮರಿಗೆ ಕಾಲುನೋವು, ಅಳಿಲಿನ ಮರಿಗೆ ತಲೆನೋವು. ಒಂದೊಂದಾಗಿ ಎಲ್ಲವೂ ಹೋದವು.

ಮೇಷ್ಟ್ರಿಗೆ ಇದು ಗೊತ್ತೇ ಆಗಲಿಲ್ಲ! ಕಣ್ಣಿಗೆ ಕಾಣದು. ಕಿವಿಗೇನೋ ಎಲ್ಲ ಮೊದಲಿನ ಹಾಗೇ ಕೇಳುತ್ತಿತ್ತು. "ಮೂಗೆತ್ತು!" ಎಂದರೆ "ಮೂಗೆತ್ತು!" ಎಂದು ಉತ್ತರ. ಇನ್ನೂ ಚೊಕ್ಕವಾಗಿ, ಇನ್ನೂ ಶಿಸ್ತಾಗಿ. ಒಂದು ನಗುವಿಲ್ಲ, ಒಂದು ಗುಸುಗುಸುವಿಲ್ಲ. ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು.

ಒಂದು ಸಂಜೆ ಗೆಡ್ಡೆ ಹುಡುಕಲು ಹೋದಾಗ ದಾರಿಯಲ್ಲಿ ಮೊಲದಮ್ಮ ಸಿಕ್ಕಳು.

"ನಿಮ್ಮ ಮಗ ಈಗ ಬಹಳ ಸುಧಾರಿಸಿದ್ದಾನಮ್ಮ. ತುಟಿ ಪಿಟಕ್ಕೆನ್ನಲ್ಲ" ಎಂದರು ಮೇಷ್ಟ್ರು.

ಮೊಲದಮ್ಮ ಕಿವಿ ಇಳಿಬಿಟ್ಟಳು. "ಏನ್ ಮೇಷ್ಟ್ರೇ ಹೀಗಂತೀರಿ? ಅವನು ಶಾಲೆಗೆ ಬರೋದು ಬಿಟ್ಟು ತಿಂಗಳಾಯ್ತು. ಅವನೊಬ್ಬನೇ ಏನು, ಯಾರ ಮನೆ ಮಕ್ಕಳೂ ಬರ್ತಿಲ್ಲವಲ್ಲ!"

ತಿಂಗಳು? ಹಾಗಾದರೆ ಇವತ್ತು ಮಧ್ಯಾಹ್ನ ಪಾಠ ಒಪ್ಪಿಸಿದವರು ಯಾರು?

ಅವರು ಗೆಡ್ಡೆಯನ್ನು ಅಲ್ಲೇ ಬಿಟ್ಟು ಗವಿಗೆ ಓಡಿದರು. ಬಾಗಿಲಲ್ಲಿ ನಿಂತು ಕೂಗಿದರು.

"ಯಾರಿದ್ದೀರಿ?"

"ಯಾರಿದ್ದೀರಿ?" ಎಂದಿತು ಗವಿ.

"ಮಕ್ಕಳೇ!"

"ಮಕ್ಕಳೇ!"

ಮೇಷ್ಟ್ರು ಬಾಗಿಲಲ್ಲೇ ಕುಸಿದು ಕೂತರು. ಒಂದು ತಿಂಗಳು! ಒಂದು ತಿಂಗಳು ಬಂಡೆಗೆ ಪಾಠ ಹೇಳಿದ್ದೆನೇ? ಬಂಡೆಗೂ ಮಕ್ಕಳಿಗೂ ವ್ಯತ್ಯಾಸ ಗೊತ್ತಾಗದ ಹಾಗೆ ಹೇಳಿದ್ದೆನೇ? ನಾಚಿಕೆಯಿಂದ ಅವರ ಮುಳ್ಳೆಲ್ಲ ಮೈಗೆ ಅಂಟಿಕೊಂಡವು. ಅಳು ಬಂತು.

ಆಗಲೇ ಅದು ಕೇಳಿದ್ದು. ಗವಿಯ ದನಿ ನಿಂತ ಮೇಲೆ, ಸ್ವಲ್ಪ ತಡವಾಗಿ, ಒಳಮೂಲೆಯಿಂದ ಇನ್ನೊಂದು ದನಿ.

"ಮಕ್ಕಳೇ."

ಒರಟು ದನಿ. ಕಲ್ಲಿನ ಮೇಲೆ ಕಲ್ಲು ಎಳೆದ ಹಾಗೆ.

ಮೇಷ್ಟ್ರ ಮೈ ಜುಂ ಎಂದಿತು. ಆದರೆ ಮರುಕ್ಷಣವೇ ಸಂತೋಷ ಉಕ್ಕಿ ಬಂತು. ಒಬ್ಬನಾದರೂ ಉಳಿದಿದ್ದಾನೆ! ಬಂಡೆ ಎರಡು ಸಲ ಹೇಳುತ್ತದೆಯೇ? ಇಲ್ಲ. ಯಾವನೋ ಒಬ್ಬ ಒಳ್ಳೆಯ ಹುಡುಗ ಕತ್ತಲಲ್ಲಿ ಕೂತು ಕಲಿಯುತ್ತಿದ್ದಾನೆ. ಯಾರ ಮಗನಪ್ಪಾ ನೀನು ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಶಿಷ್ಯನ ಗುರುತು ಗೊತ್ತಿಲ್ಲ ಎಂದರೆ ಮೇಷ್ಟ್ರ ಮರ್ಯಾದೆ ಏನಾದೀತು?

ಮರುದಿನ ಪಾಠ ನಡೆಯಿತು. ಮೇಷ್ಟ್ರು ಹೇಳುವರು, ಗವಿ ಹೇಳುವುದು, ಆಮೇಲೆ ಆ ದನಿ ಹೇಳುವುದು. ಒಂದಕ್ಷರ ತಪ್ಪಿಲ್ಲ. ಗವಿಯೊಳಗೆ ಏನೋ ಗಬ್ಬುನಾತ. "ಇಲಿ ಸತ್ತಿರಬೇಕು" ಎಂದುಕೊಂಡರು ಮೇಷ್ಟ್ರು. ಆಮೇಲೆ "ಕೊಳೆತ ನಾತ ಬಂದರೆ ಕಿರುಬ ಬಂತು!" ಎಂದು ಗಟ್ಟಿಯಾಗಿ ಹೇಳಿಕೊಟ್ಟರು. "ಕಿರುಬ ಬಂತು" ಎಂದಿತು ಒರಟು ದನಿ, ಮೆಲ್ಲಗೆ, ಸವಿಯುತ್ತಾ.

ಪಾಠ ಮುಗಿದಾಗ ಆ ದನಿ ಮೊದಲ ಬಾರಿಗೆ ತಾನಾಗಿ ಮಾತಾಡಿತು.

"ಮೇಷ್ಟ್ರೇ, ಒಬ್ಬನೇ ಕೂತು ಬೇಜಾರು. ಬೇರೆ ಮಕ್ಕಳನ್ನೂ ಕರ್ಕೊಂಡು ಬನ್ನಿ. ಇಲ್ಲೇ, ನನ್ನ ಹತ್ತಿರ ಕೂರಿಸಿ."

"ಆಗಲಿ ಕಂದ, ಆಗಲಿ!" ಎಂದರು ಮೇಷ್ಟ್ರು.

ಅಯ್ಯೋ ಪುಣ್ಯಾತ್ಮಾ!

ಬಿಸಿಲಲ್ಲಿ ಕಣ್ಣೀರು ಸುರಿಸುತ್ತಾ ಅವರು ಬಿಲದಿಂದ ಬಿಲಕ್ಕೆ, ಪೊದೆಯಿಂದ ಪೊದೆಗೆ ಅಲೆದರು. ಅಮ್ಮಂದಿರಿಗೆ ಮೇಷ್ಟ್ರನ್ನು ನೋಡಿ ಅಯ್ಯೋ ಎನ್ನಿಸಿತು. ಮರಿಗಳನ್ನು ದಬ್ಬಿ ಕಳಿಸಿದರು. ಕೊನೆಗೆ ಕೆಂಚಿಯ ಬಿಲ.

"ಬಾರಮ್ಮ" ಎಂದರು ಮೇಷ್ಟ್ರು.

"ಬಂದ್ರೆ ಏನಾದ್ರೂ ಕೇಳ್ಬಹುದಾ ಮೇಷ್ಟ್ರೇ?"

"ಹೇಳಿದ್ದು ಹೇಳಿದರೆ ಸಾಕು."

ಕೆಂಚಿ ತಲೆ ತಗ್ಗಿಸಿ ಹಿಂದೆ ನಡೆದಳು.

ಗವಿಯಲ್ಲಿ ಏಳು ಮರಿಗಳು ಸಾಲಾಗಿ ಕೂತವು. ಒಂದೂ ಮಿಸುಕಲಿಲ್ಲ. ಹಿಂದೆಲ್ಲ ಬಾಲ ಎಳೆದು ತಂಟೆ ಮಾಡುತ್ತಿದ್ದ ಅಳಿಲಿನ ಮರಿಯೂ ಕಲ್ಲಿನ ಹಾಗೆ ಕೂತಿತ್ತು. ಪಾಠ ಶುರುವಾಯಿತು.

"ಗಾಳಿ ಬೀಸಿದರೆ ಮೂಗೆತ್ತು!"

ಮರಿಗಳು ಹೇಳಿದವು. ಗವಿ ಹೇಳಿತು. ಆಮೇಲೆ, ತಡವಾಗಿ, ಅವರ ಬೆನ್ನ ಹಿಂದಿನಿಂದಲೇ, "ಮೂಗೆತ್ತು."

ಕೆಂಚಿ ನಿಜಕ್ಕೂ ಮೂಗೆತ್ತಿದಳು. ಅವಳ ಬಾಲದ ರೋಮ ಒಂದೊಂದಾಗಿ ನಿಂತಿತು. ಪಕ್ಕದ ಮರಿಗಳನ್ನು ಎಣಿಸಿದಳು. ತನ್ನನ್ನೂ ಸೇರಿಸಿ ಏಳು. ಎದ್ದು ನಿಂತಳು.

"ಮೇಷ್ಟ್ರೇ..."

ಝಲ್! ಮುಳ್ಳು ನಿಮಿರಿದವು. ಕೆಂಚಿ ಎರಡು ಹೆಜ್ಜೆ ಹಿಂದೆ ಸರಿದಳು. ಆದರೂ ಕೇಳಿಯೇಬಿಟ್ಟಳು.

"ಮೇಷ್ಟ್ರೇ, ನಾವು ಏಳು ಜನ ಮುಂದೆ ಕೂತಿದ್ದೀವಿ. ನಮ್ಮ ಹಿಂದೆ ಪಾಠ ಒಪ್ಪಿಸ್ತಿರೋದು ಯಾರು?"

ಮೇಷ್ಟ್ರ ನಾಲಿಗೆಯ ತುದಿಗೆ ಹಳೆಯ ಮಾತು ಬಂತು. ಹೇಳಿದ್ದು ಹೇಳು. ಬಾಯಿ ತೆರೆದರು. ಆದರೆ ಖಾಲಿ ಗವಿಯ ಮುಂದೆ ನಿಂತು ಅತ್ತದ್ದು ನೆನಪಾಯಿತು. ಈ ಮರಿ ಮತ್ತೆ ಎದ್ದು ಹೋದರೆ? ಜನ್ಮದಲ್ಲಿ ಮೊದಲ ಸಲ ಆ ಮಾತು ಹೊರಬಿತ್ತು.

"ನನಗೆ ಗೊತ್ತಿಲ್ಲ, ಕಂದ."

"ಗೊತ್ತಿಲ್ಲ, ಕಂದ" ಎಂದವು ಮರಿಗಳು. "ಗೊತ್ತಿಲ್ಲ, ಕಂದ" ಎಂದಿತು ಗವಿ.

ಮೂರನೆಯ ದನಿ ಏನೂ ಹೇಳಲಿಲ್ಲ.

ಗವಿಯಲ್ಲಿ ನೀರು ತೊಟ್ಟಿಕ್ಕುವ ಸದ್ದು ಮಾತ್ರ. ಒಳಮೂಲೆಯ ಚಪ್ಪಟೆ ಕಲ್ಲಿನ ಮೇಲೆ, ಕೆಂಚಿಯ ಹಳೆಯ ಜಾಗದಲ್ಲಿ, ಎರಡು ಹಸಿರು ಕಣ್ಣು ತೆರೆದುಕೊಂಡವು. ಆಮೇಲೆ ಒಂದು ನಗು. ಹೀ ಹೀ ಹೀ. ಕತ್ತೆಕಿರುಬ! ಮುಳ್ಳುಹಂದಿಯ ಮೈಗೆ ಬಾಯಿ ಹಾಕಿದರೆ ತನ್ನ ಗಂಟಲು ಉಳಿಯದೆಂದು ಅದಕ್ಕೆ ಗೊತ್ತಿತ್ತು. ಮರಿಗಳಾದರೆ ಮೆತ್ತಗೆ. ಹೇಳಿದ್ದನ್ನು ತಿರುಗಿ ಹೇಳುತ್ತಾ ಕೂತರೆ ಮೇಷ್ಟ್ರೇ ಮರಿಗಳನ್ನು ಬಾಯಿಗೆ ತಂದು ಹಾಕುತ್ತಾರೆಂದು ಕಾದಿತ್ತು.

"ಮಕ್ಕಳೇ, ಓಡಿ!" ಎಂದು ಕಿರುಚಿದರು ಮೇಷ್ಟ್ರು.

ಏನಾಯಿತು ಗೊತ್ತೇ? ಆರು ಮರಿಗಳು ಕೂತಲ್ಲೇ ಕೂತು, ಬೆನ್ನು ನೆಟ್ಟಗೆ ಮಾಡಿ, ಒಟ್ಟಿಗೆ ಹೇಳಿದವು:

"ಮಕ್ಕಳೇ, ಓಡಿ!"

ಮೇಷ್ಟ್ರು ಕಲಿಸಿದ್ದು ಇದೇ. ಚೊಕ್ಕವಾಗಿ ಕಲಿಸಿದ್ದರು. ಇನ್ನೊಮ್ಮೆ ಕೂಗಿದರೆ ಇನ್ನೊಮ್ಮೆ ಒಪ್ಪಿಸುತ್ತಾರೆ.

"ಕೆಂಚೀ!" ಎಂದು ಗೋಗರೆದರು.

ಕೆಂಚಿ ಮೊಲದ ಮರಿಯ ಕಿವಿ ಕಚ್ಚಿ ಎಳೆದಳು. ಅಳಿಲಿನ ಬಾಲಕ್ಕೆ ಹಲ್ಲು ಊರಿದಳು. "ಅಯ್ಯೋ, ಯಾಕೇ ಕಚ್ತೀಯ?" ಎಂದು ಅಳಿಲು ಚೀರಿತು. ಎಷ್ಟೋ ದಿನಗಳ ಮೇಲೆ ಅದರ ಬಾಯಿಂದ ಬಂದ ಸ್ವಂತ ಮಾತು ಅದು! ಆ ಒಂದು ಚೀರಿಗೆ ಉಳಿದವುಗಳಿಗೂ ಎಚ್ಚರವಾಯಿತು. ಎಲ್ಲವೂ ಬಿದ್ದಂಬೀಳ ಬೆಳಕಿನ ಕಡೆ ಓಡಿದವು.

ಕಿರುಬ ನೆಗೆಯಿತು. ಮೇಷ್ಟ್ರು ಗಿರ್ರನೆ ತಿರುಗಿ, ಬೆನ್ನು ಕೊಟ್ಟು, ಹಿಂಹಿಂದಕ್ಕೇ ನುಗ್ಗಿದರು. ಗವಿ ತುಂಬ ಒಂದು ಊಳು ಎದ್ದಿತು. ಆ ಊಳನ್ನು ಗವಿ ಹತ್ತು ಸಲ ತಿರುಗಿ ಊಳಿಟ್ಟಿತು. ಮೂತಿ ತುಂಬ ಮುಳ್ಳು ಹೊತ್ತು ಕಿರುಬ ಗುಡ್ಡ ಇಳಿದು ಓಡಿದ್ದನ್ನು ಮೊಲದಮ್ಮ ಕಣ್ಣಾರೆ ಕಂಡಳು.

ಮೇಷ್ಟ್ರ ಬೆನ್ನು ಅರ್ಧ ಬೋಳಾಯಿತು, ಒಂದು ಹಿಂಗಾಲು ಊನವಾಯಿತು. ಮರಿಗಳು ಏಳೂ ಉಳಿದವು.

ವಾರದ ಮೇಲೆ ಗವಿಯ ಹೊರಗೆ, ಕಾರೆಗಿಡದ ನೆರಳಲ್ಲಿ ಶಾಲೆ ಶುರುವಾಯಿತು. ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಾ ಹೇಳಿದರು: "ಇವತ್ತು ನಾನು ಏನೂ ಹೇಳಲ್ಲ. ನೀವು ಕೇಳಿ."

ಯಾರೂ ಕೇಳಲಿಲ್ಲ. ಬಹಳ ಹೊತ್ತು ಯಾರೂ ಕೇಳಲಿಲ್ಲ. ಕೇಳುವುದು ಹೇಗೆಂದೇ ಮರೆತುಹೋಗಿತ್ತು. ಆ ಮೌನ ಮೇಷ್ಟ್ರಿಗೆ ಕಿರುಬದ ನಗುವಿಗಿಂತ ಭಯಂಕರವಾಗಿ ಕೇಳಿಸಿತು. ಆದರೂ ಅವರು ಬಾಯಿ ಬಿಡದೆ ಕಾದರು.

ಕೊನೆಗೆ ಮೊಲದ ಮರಿ, ಮುಳ್ಳುಗಳ ಮೇಲೇ ಕಣ್ಣಿಟ್ಟು, ಪಿಸುದನಿಯಲ್ಲಿ ಕೇಳಿತು.

"ಮೇಷ್ಟ್ರೇ, ನಮ್ಮ ಶಾಲೆಯಲ್ಲಿ ಕಿರುಬಕ್ಕೆ ಜಾಗ ಕೊಟ್ಟವರು ಯಾರು?"

ಮುಳ್ಳು ಏಳಲಿಲ್ಲ. ಮೇಷ್ಟ್ರು ಕೆಂಚಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ನಾನೇ, ಮಗು. ಇವಳನ್ನು ಆ ಕಲ್ಲಿನಿಂದ ಎಬ್ಬಿಸಿ ಗೋಡೆಗೆ ನಿಲ್ಲಿಸಿದೆನಲ್ಲ, ಆವತ್ತೇ ಕೊಟ್ಟೆ."

ನೀತಿ: ಮಕ್ಕಳ ಪ್ರಶ್ನೆಗೆ ಬಾಗಿಲು ಹಾಕಿದ ಶಾಲೆಯಲ್ಲಿ ಅವರ ಮನಸ್ಸು ನಿಲ್ಲುವುದಿಲ್ಲ, "ಗೊತ್ತಿಲ್ಲ" ಎಂದು ಒಪ್ಪಿಕೊಳ್ಳುವ ಗುರುವಿನ ಬಳಿಗೆ ಮಕ್ಕಳು ಕರೆಯದೆಯೂ ಬರುತ್ತಾರೆ.