ಬಾಳವ್ವನಿಗೆ ಒಯ್ದ ತೊಟ್ಟಿಲು

ಹೊಳೆಗೆ ಸೇತುವೆ ಎಂಬುದೇ ಇರದ ಕಾಲ. ಆಚೆ ದಡದ ಸುಖದುಃಖ ಈಚೆ ದಡಕ್ಕೆ ತಿಳಿಯಬೇಕಾದರೆ ಹರಗೋಲು ಬರಬೇಕು, ಅಂಥ ಕಾಲ. ಆಗ ಈಚೆ ದಡದ ಒಂದೂರಲ್ಲಿ ನಿರ್ವಾಣೆಪ್ಪ ಅಂತ ಒಬ್ಬ ಬಡಿಗ ಇದ್ದನಂತೆ.

ಅವನ ಕೈಗುಣ ಏನೆಂದು ಹೇಳಲಿ! ಅವನು ಕೆತ್ತಿದ ಗಿಳಿಯನ್ನು ಕಿಟಕಿಯಲ್ಲಿಟ್ಟರೆ ಹೊಲದ ಗಿಳಿಗಳು ಬಂದು ಮಾತಾಡಿಸಿ ಹೋಗುತ್ತಿದ್ದವಂತೆ. ಅವನು ಮಾಡಿದ ನೊಗ ಹೊತ್ತ ಎತ್ತಿಗೆ ಹೆಗಲು ಹುಣ್ಣಾಗುತ್ತಿರಲಿಲ್ಲವಂತೆ. ಹೆಚ್ಚಿಗೆ ಹೇಳುತ್ತಾರೋ ಏನೋ, ನಾನೇನು ಕಂಡವನಲ್ಲ. ನಮ್ಮಜ್ಜಿ ಹೇಳಿದ್ದನ್ನು ಹೇಳುತ್ತೇನೆ.

ಅವನಿಗೆ ಒಬ್ಬಳೇ ತಂಗಿ, ಬಾಳವ್ವ. ತಾಯಿತಂದೆ ಬೇಗ ತೀರಿಕೊಂಡರು. ಇವನೇ ಎತ್ತಿ ಆಡಿಸಿ, ತಲೆ ಬಾಚಿ, ದೊಡ್ಡವಳನ್ನು ಮಾಡಿ ಹೊಳೆಯಾಚೆಯ ಊರಿಗೆ ಕೊಟ್ಟ. ನಾಗರಪಂಚಮಿ ಬಂತೆಂದರೆ ಊರಿನ ಉಳಿದ ಅಣ್ಣಂದಿರು ಸೀರೆ ಕುಪ್ಪಸ ಹಿಡಿದು ತಂಗಿಯರನ್ನು ಕರೆಯಲು ಹೊರಡುವರು. ನಿರ್ವಾಣೆಪ್ಪ ತನ್ನ ಕೈಯಾರೆ ಮಾಡಿದ್ದೊಂದನ್ನು ಹಿಡಿದು ಹೊರಡುವನು. ಒಂದು ವರ್ಷ ಕುಂಕುಮದ ಭರಣಿ, ಒಂದು ವರ್ಷ ನವಿಲಿನ ಬಾಚಣಿಗೆ, ಇನ್ನೊಂದು ವರ್ಷ ಜೋಕಾಲಿಯ ಮಣೆ. ಬಾಳವ್ವ ಅದನ್ನು ಓಣಿಗೆಲ್ಲ ತೋರಿಸಿ, ಅಣ್ಣನ ಜೊತೆ ಹರಗೋಲು ಹತ್ತಿ ತವರಿಗೆ ಬರುವಳು. ಅತ್ತಿಗೆಯ ಜೊತೆ ಉಂಡಿ ಕಟ್ಟುವಳು, ಬೇವಿನಮರಕ್ಕೆ ಜೋಕಾಲಿ ಹಾಕಿ ಜೀಕುವಳು.

ಆದರೆ ನಿರ್ವಾಣೆಪ್ಪನಿಗೆ ಒಂದು ಚಟ. ಕೊಟ್ಟ ಮೇಲೆ ಅವಳ ಮುಖ ಅರಳಬೇಕು, ನಾಲ್ಕು ಮಂದಿ ಭಲೇ ಅನ್ನಬೇಕು. ಹೊಸ್ತಿಲು ದಾಟುವ ಮುಂಚೆಯೇ, ತಂಗಿ ಹೇಗಿದ್ದಾಳೆಂದು ಕೇಳುವ ಮುಂಚೆಯೇ, “ಹೆಂಗೈತಿ ನೋಡು” ಅನ್ನುವನಂತೆ.

ಬಹಳ ವರ್ಷ ಮಕ್ಕಳಾಗದೆ, ಆಮೇಲೊಮ್ಮೆ ಬಾಳವ್ವ ಬಸುರಿ ಎಂಬ ಸುದ್ದಿ ಬಂತು. ಆ ದಿನವೇ ನಿರ್ವಾಣೆಪ್ಪ ಹಿತ್ತಿಲ ಹೊನ್ನೆಮರಕ್ಕೆ ಕೈಮುಗಿದು ಕೊಡಲಿ ಹಾಕಿದ. ಬೇಸಿಗೆಯೆಲ್ಲ ಬೇರೆ ಕೆಲಸ ಮುಟ್ಟಲಿಲ್ಲ. ಒಂದು ತೊಟ್ಟಿಲು ಮಾಡಿದ. ಮೂಲೆಮೂಲೆಗೆ ಗಿಳಿ, ಪಟ್ಟಿಯ ಮೇಲೆ ಬಳ್ಳಿ. ಕೂಸಿನ ಮೈ ತಾಗುವಲ್ಲೆಲ್ಲ ತನ್ನ ಕೆನ್ನೆ ಉಜ್ಜಿ ನೋಡಿದನಂತೆ, ಸಿಬಿರು ಚುಚ್ಚೀತೋ ಏನೋ ಎಂದು. ಅದನ್ನು ಬರಿದೇ ತೂಗಿದರೂ ನೋಡುತ್ತ ನಿಂತವರಿಗೆ ನಿದ್ದೆ ಬರುತ್ತಿತ್ತು ಅಂತಾರೆ.

ಶ್ರಾವಣ ಹತ್ತಿರ ಬಂತು, ಹೊಳೆ ತುಂಬಿತು, ಹರಗೋಲು ನಿಂತಿತು. ಅತ್ತಲಿಂದ ಯಾರೂ ಇತ್ತ ಬರಲಿಲ್ಲ. ಪಂಚಮಿಗೆ ಮುಂಚೆ ನೀರಿಳಿಯಿತು. ಮೊದಲ ಹರಗೋಲಿಗೇ ನಿರ್ವಾಣೆಪ್ಪ ತೊಟ್ಟಿಲು ಹೇರಿದ. ಅಂಬಿಗರ ತುಳಸಪ್ಪ ಅವನನ್ನು ಆಚೆ ಮುಟ್ಟಿಸಿ ದಡದಲ್ಲಿ ಕಾಯುತ್ತ ಕುಳಿತ.

ನಿರ್ವಾಣೆಪ್ಪ ತೊಟ್ಟಿಲನ್ನು ತಲೆಯ ಮೇಲೆ ಹೊತ್ತು ಓಣಿಯಲ್ಲಿ ನಡೆದ. ಕಟ್ಟೆಯ ಮೇಲಿದ್ದವರು ಮಾತು ನಿಲ್ಲಿಸಿದರು. ನೀರು ತರುತ್ತಿದ್ದ ಹೆಂಗಸರು ಪಕ್ಕಕ್ಕೆ ಸರಿದು ನಿಂತರು. ಎಲ್ಲರೂ ಬೆರಗಾದರು ಅಂದುಕೊಂಡ. ತಂಗಿಯ ಅಂಗಳದಲ್ಲಿ ತೊಟ್ಟಿಲು ಇಳಿಸಿದ. ಅವಳ ಅತ್ತೆ ಹೊರಗೆ ಬಂದು, “ಯಪ್ಪಾ, ಒಂದ್ ಮಾತು…” ಅನ್ನುವಷ್ಟರಲ್ಲಿ, “ಮಾತು ಆಮ್ಯಾಲವ್ವಾ, ಮೊದಲು ಇದನ್ನ ನೋಡ್ರಿ. ಬಾಳವ್ವಾ, ಹೊರಗ ಬಾ!” ಎಂದು ಕೂಗಿದ.

ಬಾಳವ್ವ ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವನು ಅವಳ ಮುಖವನ್ನೇ ನೋಡಿದ, ಅರಳುತ್ತದೋ ಎಂದು. ಹೊಟ್ಟೆಯನ್ನು ನೋಡಲಿಲ್ಲ.

“ಅಣ್ಣಾ, ಅದನ್ನ ತಿರುಗಿ ಒಯ್ಯಿ,” ಎಂದಳು.

“ಯಾಕ? ಏನ್ ಕಮ್ಮಿ ಆಗೈತಿ ಇದಕ್ಕ?”

“ಕಮ್ಮಿ ಏನಿಲ್ಲ. ಒಯ್ಯಿ. ಈ ವರ್ಷ ನಾ ಬರೂದಿಲ್ಲ.”

ನಿರ್ವಾಣೆಪ್ಪನಿಗೆ ಸಿಟ್ಟು ನೆತ್ತಿಗೇರಿತು. ಬೇಸಿಗೆಯೆಲ್ಲ ಬೆವರು ಹರಿಸಿದ್ದು ಇದಕ್ಕೇನು ಅಂದ. ಗಂಡನ ಮನೆಯ ಸೊಕ್ಕು ಹತ್ತಿತೇನು ಅಂದ. ಅವಳ ಅತ್ತೆ ಮತ್ತೆ ಬಾಯಿ ತೆರೆದರೂ ಕೇಳಲಿಲ್ಲ. ಕೊಟ್ಟ ನೀರನ್ನೂ ಕುಡಿಯದೆ ತೊಟ್ಟಿಲು ಹೊತ್ತು ಹೊರಟುಬಿಟ್ಟ.

ಹರಗೋಲು ನಡುಹೊಳೆಗೆ ಬಂದಾಗ ತುಳಸಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿದ. ದಡದಲ್ಲಿ ಕಾಯುವಾಗ ಆ ಊರಿನವರಿಂದ ಕೇಳಿದ್ದನ್ನು ಹೇಳಿದ. ಹೊಳೆ ತುಂಬಿದ್ದ ದಿನಗಳಲ್ಲಿ ಬಾಳವ್ವನಿಗೆ ದಿನ ತುಂಬುವ ಮುಂಚೆಯೇ ನೋವು ಬಂದಿತ್ತು. ಕೂಸು ಉಸಿರಿಲ್ಲದೆ ಹುಟ್ಟಿತ್ತು. ಹೆಣ್ಣುಕೂಸು. ಸುದ್ದಿ ಕಳಿಸಲು ಹರಗೋಲು ಇರಲಿಲ್ಲ.

ನಿರ್ವಾಣೆಪ್ಪ ನೀರನ್ನೇ ನೋಡುತ್ತ ಕೂತ.

“ತಿರುಗಿಸ್ಲೇನೋ ನಿರ್ವಾಣೆಪ್ಪಾ?” ಅಂತ ತುಳಸಪ್ಪ ಕೇಳಿದ.

ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹರಗೋಲು ಸುಳಿಯಲ್ಲಿ ತಿರುಗಿತು. ತುಳಸಪ್ಪ ಇನ್ನೊಮ್ಮೆ ಕೇಳಿದ. ಕೊನೆಗೆ ಈಚೆ ದಡಕ್ಕೇ ಹುಟ್ಟು ಹಾಕಿದ. ತೊಟ್ಟಿಲನ್ನು ಹರಗೋಲಿನಲ್ಲೇ ಬಿಟ್ಟು ನಿರ್ವಾಣೆಪ್ಪ ಮನೆಗೆ ನಡೆದ. ತುಳಸಪ್ಪ ಅದನ್ನು ಏನು ಮಾಡಿದನೋ, ಯಾರೂ ಹೇಳುವುದಿಲ್ಲ.

ಯಾವ ಮುಖ ಹೊತ್ತು ಹೋಗಲಿ ಅಂತ ಮರುವರ್ಷ ಅವನು ಹೋಗಲಿಲ್ಲ. ಕೆತ್ತಿದ. ಕೆತ್ತಿದ್ದನ್ನು ತುಳಸಪ್ಪನ ಕೈಯಲ್ಲಿ ಕಳಿಸಿದ. ಅಷ್ಟು ಚೆಂದದ ಕೆಲಸ ಅವನು ಎಂದೂ ಮಾಡಿರಲಿಲ್ಲ ಅಂತಾರೆ. ಅವನು ಕಳಿಸಿದ ಮರದ ಆನೆಯ ಕಣ್ಣಲ್ಲಿ ನೀರಿತ್ತು ಅಂತಾರೆ. ಹೆಂಡತಿ ಹೇಳಿದಳು, “ಕಟಗಿ ಮಾತಾಡ್ತೈತೇನ್ರಿ? ನೀವ ಹೋಗಿ ಮಾತಾಡ್ಸಿ ಬರ್ರಿ.” ಮುಂದಿನ ಪಂಚಮಿಗೆ ಹೋಗುತ್ತೇನೆ ಅಂದ. ಆ ಪಂಚಮಿಯೂ ಬಂತು, ಇನ್ನೊಂದು ಸಾಮಾನು ಹೋಯಿತು, ಇವನು ಹೋಗಲಿಲ್ಲ. ಅಣ್ಣ ಬಂದು ಕರೆಯದೆ ತಂಗಿ ತವರಿಗೆ ಬರುವಂತಿಲ್ಲ. ಹೀಗೇ ವರ್ಷಗಳು ಉರುಳಿದವು.

ಒಂದು ಚಳಿಗಾಲದಲ್ಲಿ ಆಚೆ ಊರಿಗೆ ಜ್ವರ ಬಿತ್ತು. ನಿರ್ವಾಣೆಪ್ಪ ಅಂತೂ ಹೊಳೆ ದಾಟಿದ್ದು ತಂಗಿಯ ಮಣ್ಣಿಗೆ.

ಮಣ್ಣು ಮುಗಿಸಿ ಬಂದು ಅಂಗಳದಲ್ಲಿ ಕೂತಾಗ ಓಣಿಯ ಮಕ್ಕಳು ಆಡುತ್ತಿದ್ದವು. ಒಂದರ ಕೈಯಲ್ಲಿ ಅವನ ಆನೆ, ಇನ್ನೊಂದರ ಕೈಯಲ್ಲಿ ಅವನ ಕುದುರೆ. ಅವನು ಕಳಿಸಿದ್ದರಲ್ಲಿ ಒಂದೂ ಮನೆಯೊಳಗೆ ಇರಲಿಲ್ಲ. ಬಾಳವ್ವ ಬಂದದ್ದನ್ನೆಲ್ಲ ಅಂದಂದೇ ಹಂಚಿಬಿಟ್ಟಿದ್ದಳು.

“ನನ್ನ ಮ್ಯಾಲೆ ಅಷ್ಟು ಸಿಟ್ಟಿತ್ತೇನವ್ವಾ?” ಎಂದು ತಂಗಿಯ ಅತ್ತೆಯನ್ನು ಕೇಳಿದ.

“ಸಿಟ್ಟೆಲ್ಲೀದಪ್ಪಾ?” ಎಂದಳು ಮುದುಕಿ. “ಪ್ರತಿ ಪಂಚಮಿಗೂ ತಲಿಗೆ ಎರಕೊಂಡು, ಹೊಸ ಸೀರಿ ಉಟ್ಟು, ಗಂಟು ಕಟ್ಟಿಕೊಂಡು ಹೊಸ್ತಿಲದಾಗ ಕುಂದರತಿದ್ಲು. ತುಳಸಪ್ಪ ಬರ್ತಿದ್ದ. ‘ಸಾಮಾನು ಬಂತು, ಅಣ್ಣ ಬರಲಿಲ್ಲ’ ಅಂತ ಎದ್ದು ಗಂಟು ಬಿಚ್ಚತಿದ್ಲು.”

ನಿರ್ವಾಣೆಪ್ಪ ಆಮೇಲೆ ನೊಗ ಮಾಡಿದ, ಬಾಗಿಲು ಮಾಡಿದ, ಹೊಟ್ಟೆಗೆ ಬೇಕಲ್ಲ. ಗಿಳಿ ಮಾತ್ರ ಕೆತ್ತಲಿಲ್ಲ. ಪಂಚಮಿ ಬಂದರೆ ಹೊಳೆದಂಡೆಯಲ್ಲಿ ಕೂತು, ಹರಗೋಲು ಹತ್ತುವ ಅಣ್ಣಂದಿರ ಕೈ ಹಿಡಿದು, “ಒಯ್ದಿದ್ದನ್ನ ಹೊರಗಿಡಪ್ಪಾ, ಮೊದಲು ನೀ ಒಳಗ ಹೋಗು” ಅನ್ನುತ್ತಿದ್ದನಂತೆ. ಕೆಲವರು ನಕ್ಕರು, ಕೆಲವರು ಅವನ ಮಾತು ಕೇಳಿದರು.

ಈಗ ಹೊಳೆಗೆ ಸೇತುವೆ ಬಂದಿದೆ, ಅಣ್ಣಂದಿರು ಮೋಟಾರು ಸೈಕಲ್ಲಿನಲ್ಲಿ ಹೋಗುತ್ತಾರೆ. ಆದರೂ ಈ ಎರಡು ದಡದ ಊರುಗಳಲ್ಲಿ ಪಂಚಮಿಗೆ ತಂಗಿಯನ್ನು ಕರೆಯಲು ಹೋದವನು ತಂದದ್ದನ್ನು ಹೊರಗಿನ ಕಟ್ಟೆಯ ಮೇಲೆ ಇಡುತ್ತಾನೆ. ಬರಿಗೈಯಲ್ಲಿ ಒಳಗೆ ಹೋಗಿ, ಅವಳು ಕೊಟ್ಟ ನೀರು ಕುಡಿದು, ಎದುರಿಗೆ ಕೂರುತ್ತಾನೆ. ಅವಳ ಮಾತು ಮುಗಿಯುವವರೆಗೆ ಹೊರಗಿಟ್ಟದ್ದನ್ನು ಯಾರೂ ಮುಟ್ಟುವುದಿಲ್ಲ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಅದು ತೊಯ್ಯುತ್ತದೆ. ತೊಯ್ಯಲಿ ಅಂತ ಬಿಡುತ್ತಾರೆ.